ಕೆಂಚ, ಚುಕ್ಕಿ ಮತ್ತು ಅಮ್ಮನ ಅವರೆಕಾಯಿ

ಹೆಸರಘಟ್ಟ ಕಡೆಯ ಒಂದು ಶೆಲ್ಟರ್‌ಗೆ ನಾನು ಹೋಗಿದ್ದು ಒಂದೇ ಒಂದು ನಾಯಿ ತರೋಣ ಅಂತ. ಕೆಂಚ ಜಾಲರಿ ಹತ್ತಿರ ಬಂದು ನನ್ನ ಕೈ ಮೂಸಿದ. ಅವನ ಹಿಂದೆ, ಗೋಡೆಗೆ ಮುಖ ಮಾಡಿಕೊಂಡು ಚುಕ್ಕಿ ಮುದುಡಿ ಕೂತಿದ್ದಳು. ಎರಡೂ ಬೀದಿಯಲ್ಲಿ ಸಿಕ್ಕಿದ ನಾಟಿ ಮರಿಗಳು, ಜೊತೆಗೇ ಬೆಳೆದವು. "ಅವನನ್ನ ಆಪರೇಷನ್‌ಗೆ ಕರ್ಕೊಂಡು ಹೋದಾಗ ಇವಳು ಎರಡು ದಿನ ಅನ್ನ ಮುಟ್ಟಲಿಲ್ಲ ಮೇಡಂ. ಕೊಟ್ಟರೆ ಎರಡನ್ನೂ ಒಟ್ಟಿಗೇ ಕೊಡೋದು" ಎಂದರು ಅಲ್ಲಿ ನೋಡಿಕೊಳ್ಳುವವರು.

ದೀಪಾವಳಿ ಹತ್ತಿರ ಇತ್ತು. ಪಟಾಕಿ ಸದ್ದಿಗೆ ಬೆದರಿದ ನಾಯಿ ಹೊಸ ಜಾಗದಿಂದ ಓಡಿಹೋದರೆ ವಾಪಸ್ ಬರಲು ಅದಕ್ಕೆ ದಾರಿಯೇ ಗೊತ್ತಿರುವುದಿಲ್ಲ. ಹಬ್ಬ ಮುಗಿಯುವವರೆಗೆ ಕಾದೆ. ಪ್ರತಿ ಭಾನುವಾರ ಹೋಗಿ ಅವುಗಳ ಪಕ್ಕ ಸುಮ್ನೆ ಕೂತು ಬಂದೆ. ಅಷ್ಟರಲ್ಲಿ ಗಿರಿನಗರದ ನಮ್ಮ ಮನೆ ಗೇಟಿನ ಕೆಳಗಿನ ಸಂದಿಗೆ ಜಾಲರಿ ಕಟ್ಟಿಸಿದೆ. ಒಂದೊಂದಕ್ಕೂ ಕುತ್ತಿಗೆಗೆ ಒಂದು ಬೆಲ್ಟು, ಎದೆ ಸುತ್ತ ಕಟ್ಟುವ ಒಂದು ಹಾರ್ನೆಸ್, ಎರಡು ಹಗ್ಗ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ಬೆಲ್ಟಿನಿಂದ ತಲೆ ಬಿಡಿಸಿಕೊಂಡುಬಿಡುತ್ತದೆ. ಇದಕ್ಕೆ ಖರ್ಚು ನೋಡಬೇಡಿ.

ಮನೆಗೆ ಬಂದ ದಿನವೇ ಎರಡೂ ಹಿಂದಿನ ಕೋಣೆಯ ಮಂಚದ ಕೆಳಗೆ ಸೇರಿಕೊಂಡವು. ಮೂರನೇ ದಿನ ನಾನೊಂದು ತಪ್ಪು ಮಾಡಿದೆ. ಬಗ್ಗಿ, ಮುದ್ದು ಮಾಡೋಣ ಅಂತ ಕೈ ಚಾಚಿದೆ. ಚುಕ್ಕಿ ಹೆದರಿಕೆಯಿಂದ ಅಲ್ಲೇ ಉಚ್ಚೆ ಹೊಯ್ದುಕೊಂಡಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವತ್ತಿನಿಂದ ನಾನಾಗಿ ಕೈ ಚಾಚುವುದನ್ನೇ ಬಿಟ್ಟೆ.

ದಾರಿ ತೋರಿಸಿದ್ದು ಅಮ್ಮ. ಡಿಸೆಂಬರ್ ಬಂತು, ಅವರೆಕಾಯಿ ಬಂತು. ಅಮ್ಮ ದಿನಾ ಸಂಜೆ ಆ ಕೋಣೆಯಲ್ಲೇ ನೆಲದ ಮೇಲೆ ಕೂತು ಕಾಯಿ ಸುಲಿಯುತ್ತಿದ್ದರು. ಹೆದರಿದ ನಾಯಿಗೆ ಬೇಕಾದದ್ದೆಲ್ಲ ಅದರಲ್ಲಿತ್ತು. ಎದುರಾಗದೆ ಒಂದು ಪಕ್ಕಕ್ಕೆ ತಿರುಗಿ ಕೂರುವುದು, ಕಣ್ಣಲ್ಲಿ ಕಣ್ಣಿಟ್ಟು ನೋಡದೇ ಇರುವುದು, ಕೈಗೆ ಬೇರೆ ಕೆಲಸ, ಮೆಲ್ಲಗಿನ ಸದ್ದು. ಮೊದಲು ಕೆಂಚ ಹೊರಗೆ ಬಂದ. ಅವನಿಗೆ ಏನೂ ಆಗಲಿಲ್ಲ ಎನ್ನುವುದನ್ನು ಚುಕ್ಕಿ ಮಂಚದ ಕೆಳಗಿಂದಲೇ ನೋಡುತ್ತಿದ್ದಳು. ಒಂಬತ್ತನೇ ಸಂಜೆ ಅವಳೂ ತೆವಳಿ ಬಂದು ಅಮ್ಮನ ಸೆರಗು ಮೂಸಿದಳು. "ಮಾತಾಡಬೇಡ ಕಣೇ, ಬಂದಿದಾಳೆ" ಎಂದು ಅಮ್ಮ ಪಿಸುಗುಟ್ಟಿದರು.

ಬೇಯಿಸಿದ ಚಿಕನ್ ಚೂರು ಕೊಡುವಾಗಲೂ ಹತ್ತಿರ ಕರೆಯಬೇಡಿ. ಚೂರನ್ನು ನಾಯಿಯ ಹಿಂದಕ್ಕೆ ಎಸೆಯಿರಿ. ಅದು ನಿಮ್ಮಿಂದ ದೂರ ಹೋಗಿ ತಿಂದು, ಆಮೇಲೆ ತಾನಾಗಿಯೇ ತಿರುಗಿ ಬರುತ್ತದೆ. ಹಾಗೆ ಬರುವುದೇ ಮುಖ್ಯ, ಅಲ್ವಾ? ಊಟದ ತಟ್ಟೆ ಮಾತ್ರ ಬೇರೆ ಬೇರೆ ಮೂಲೆಯಲ್ಲಿಡಿ. ವಾಕಿಂಗ್‌ಗೆ ನಾವು ಬೆಳಗಿನ ಜಾವ ಐದಕ್ಕೇ ಹೊರಡುತ್ತಿದ್ದೆವು, ಸ್ಕೂಟರ್‌ಗಳ ಓಡಾಟ ಶುರುವಾಗುವ ಮೊದಲು.

ಕೆಂಚನಿಂದಲೇ ಚುಕ್ಕಿಗೆ ಧೈರ್ಯ ಬಂತು, ನಿಜ. ಆದರೆ ಫೆಬ್ರವರಿಯಲ್ಲಿ ಕೆಂಚನಿಗೆ ಉಣ್ಣೆ ಹುಳ ಕಚ್ಚಿ ಟಿಕ್ ಫೀವರ್ ಬಂತು. ಜ್ವರ, ಊಟ ಬಿಟ್ಟ, ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಇಳಿದಿತ್ತು. ಡಾಕ್ಸಿಸೈಕ್ಲಿನ್ ಅನ್ನೋ ಔಷಧಿ 28 ದಿನ, ಜೊತೆಗೆ ನಾಲ್ಕು ದಿನ ಡ್ರಿಪ್. ಅವನು ಆಸ್ಪತ್ರೆಯಲ್ಲಿದ್ದಷ್ಟು ಹೊತ್ತು ಚುಕ್ಕಿ ಗೇಟಿನ ಹತ್ತಿರ ನಿಂತು ಊಳಿಟ್ಟಳು. ನಮ್ಮ ಹತ್ತಿರಕ್ಕೂ ಬರಲಿಲ್ಲ. ಅವಳ ನಂಬಿಕೆ ಎಲ್ಲಾ ಕೆಂಚನ ಮೇಲಿತ್ತು, ನಮ್ಮ ಮೇಲೆ ಇರಲಿಲ್ಲ. ಮೂರನೇ ದಿನ ಡಾಕ್ಟರಮ್ಮ "ಅವಳನ್ನೂ ಕರ್ಕೊಂಡು ಬನ್ನಿ" ಎಂದರು. ಕೆಂಚನ ಪಕ್ಕ ಮಲಗಿದ ಮೇಲೆಯೇ ಅವಳು ಮೊಸರನ್ನ ತಿಂದದ್ದು.

ಜೋಡಿ ನಾಯಿ ತರುವವರಿಗೆ ನಾನು ಹೇಳುವುದು ಇದನ್ನೇ ಜಾಸ್ತಿ. ಎರಡನ್ನೂ ಒಟ್ಟಿಗೇ ತನ್ನಿ, ಆದರೆ ಒಂದೊಂದರ ಜೊತೆಗೂ ಬೇರೆಯಾಗಿ ಹೊತ್ತು ಕಳೆಯಿರಿ. ಕೆಂಚ ಹುಷಾರಾದ ಮೇಲೆ ನಾವು ಶುರು ಮಾಡಿದೆವು. ಮೊದಲು ನಡುವೆ ಬರೀ ಗ್ರಿಲ್ ಬಾಗಿಲು, ಎರಡು ನಿಮಿಷ. ಅವಳು ಕುಂಯ್‌ಗುಡುವ ಮೊದಲೇ ಬಾಗಿಲು ತೆಗೆಯುತ್ತಿದ್ದೆವು. ಆಮೇಲೆ ಐದು ನಿಮಿಷ, ಹತ್ತು ನಿಮಿಷ. ಆತುರ ಮಾಡಿದ ದಿನ ಮತ್ತೆ ಎರಡು ನಿಮಿಷಕ್ಕೇ ಇಳಿಯಬೇಕಾಗುತ್ತಿತ್ತು.

ಸಿಲಿಂಡರ್ ತರುವ ಹುಡುಗ ಬಂದರೆ ಚುಕ್ಕಿ ಈಗಲೂ ಮಂಚದ ಕೆಳಗೆ ಓಡುತ್ತಾಳೆ. ಓಡಲಿ, ಯಾರೂ ಎಳೆಯುವುದಿಲ್ಲ. ಮೊನ್ನೆ ಸಂಜೆ ಕೆಂಚನೊಬ್ಬನನ್ನೇ ಕರೆದುಕೊಂಡು ಅರ್ಧ ಗಂಟೆ ಸುತ್ತಿ ಬಂದೆ. ಅಮ್ಮ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಚುಕ್ಕಿ ಅವರ ಪಾದದ ಮೇಲೆ ಗಲ್ಲ ಇಟ್ಟು ನಿದ್ದೆ ಮಾಡುತ್ತಿದ್ದಳು.