ಮನರಂಜನಾ ಪಾರ್ಕಿನ ಹಳೇ ಟಿಕೆಟ್ಟು, ಗೈಡ್ ಬುಕ್ಕು, ನೆನಪಿನ ಸಾಮಾನು: ರಾಯಚೂರಿನ ಬಿಸಿಲಲ್ಲಿ ಜೋಪಾನ ಮಾಡುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ಹಳೇ ಟಿಕೆಟ್ಟಿಗೆ ಲ್ಯಾಮಿನೇಶನ್ ಮಾಡಿಸಬೇಡಿ. ನಮ್ಮ ಓಣಿಯಲ್ಲಿ ಯಾರ ಕೈಗೆ ಹಳೇ ಕಾಗದ ಸಿಕ್ಕರೂ ಸೀದಾ ಝೆರಾಕ್ಸ್ ಅಂಗಡಿಗೆ ಓಡುತ್ತಾರೆ. ಪ್ಲಾಸ್ಟಿಕ್ ಹಾಕಿಸಿದರೆ ನೂರು ವರ್ಷ ಬಾಳುತ್ತದೆ ಅನ್ನುವ ನಂಬಿಕೆ. ಒಮ್ಮೆ ಹಾಕಿದ ಪ್ಲಾಸ್ಟಿಕ್ ಬಿಡಿಸಲು ಬರುವುದಿಲ್ಲ. ಬಿಡಿಸಲು ಹೋದರೆ ಕಾಗದದ ಮೇಲ್ಪದರವೇ ಕಿತ್ತು ಬರುತ್ತದೆ. ಹಳೇ ಟಿಕೆಟ್ಟು ಕೂಡಿಡುವವರು ಅಂಥದ್ದನ್ನು ನೋಡಿ ಮುಖ ತಿರುಗಿಸುತ್ತಾರೆ.

ಈಚಿನ ಟಿಕೆಟ್ಟಾದರೆ ಇನ್ನೂ ಕಷ್ಟ. ಬಸ್ಸಿನ ಕಂಡಕ್ಟರು ಮಷೀನಿನಿಂದ ಹರಿದು ಕೊಡುತ್ತಾರಲ್ಲ, ಅಂಥ ಥರ್ಮಲ್ ಕಾಗದವೇ ಎಷ್ಟೋ ಪಾರ್ಕುಗಳಲ್ಲೂ ಬಂದಿದೆ. ಅದರಲ್ಲಿ ಇಂಕು ಇರುವುದಿಲ್ಲ. ಕಾಗದಕ್ಕೆ ಬಳಿದ ರಾಸಾಯನಿಕವೇ ಬಿಸಿ ತಾಗಿದ ಕಡೆ ಕಪ್ಪಾಗಿ ಅಕ್ಷರ ಮೂಡುತ್ತದೆ. ಲ್ಯಾಮಿನೇಶನ್ ಮಷೀನಿಗೆ ಕೊಟ್ಟರೆ ಟಿಕೆಟ್ಟು ಪೂರಾ ಕಪ್ಪಾಗಿ ಹೊರಗೆ ಬರುತ್ತದೆ. ಅನುಮಾನ ಇದ್ದರೆ ಅಂಚಿನಲ್ಲಿ ಉಗುರಿನಿಂದ ಜೋರಾಗಿ ಒಂದು ಗೀರು ಎಳೆದು ನೋಡಿ. ಕಪ್ಪು ಗೆರೆ ಮೂಡಿದರೆ ಥರ್ಮಲ್. ಅದನ್ನು ಮನೆಗೆ ತಂದ ದಿನವೇ ಸ್ಕ್ಯಾನ್ ಮಾಡಿ, ಒಂದು ಝೆರಾಕ್ಸ್ ತೆಗೆಸಿ ಜೊತೆಗಿಡಿ. ಎಷ್ಟೇ ಜೋಪಾನ ಮಾಡಿದರೂ ಅದರ ಅಕ್ಷರ ಮಸುಕಾಗುವುದೇ. ಎಣ್ಣೆ ಕೈ ತಾಗಿದರೆ ಇನ್ನೂ ಬೇಗ. ಮೇ ತಿಂಗಳಲ್ಲಿ ಕಾರಿನ ಗಾಜಿನ ಹಿಂದೆ ಬಿಟ್ಟು ಹೋದರಂತೂ ಕೇಳುವುದೇ ಬೇಡ.

ಇನ್ನು ಎಲ್ಲಿ ಇಡುವುದು? ನಮ್ಮೂರಲ್ಲಿ ಇದೇ ದೊಡ್ಡ ಪ್ರಶ್ನೆ. ಬೇಡದ್ದನ್ನೆಲ್ಲ ಲಾಫ್ಟಿಗೆ ಎಸೆಯುವುದು ಎಲ್ಲರ ರೂಢಿ. ಆರ್‌ಸಿಸಿ ಮನೆಯಲ್ಲಿ ಅತಿ ಹೆಚ್ಚು ಕಾಯುವ ಜಾಗವೇ ಅದು, ಸ್ಲ್ಯಾಬಿನ ಕೆಳಗೆ. ರಾತ್ರಿಯಾದರೂ ಕಾವು ಇಳಿಯುವುದಿಲ್ಲ. ಪಡುವಣ ಗೋಡೆಗೆ ಆನಿಸಿದ ಕಬ್ಬಿಣದ ಅಲಮಾರಿಯೂ ಬೇಡ. ಹಳೇ ಮಣ್ಣಿನ ಮಾಳಿಗೆ ಮನೆ ಇದ್ದವರು ಪುಣ್ಯವಂತರು, ಒಳಕೋಣೆಯಲ್ಲಿ ಒಂದು ಪೆಟ್ಟಿಗೆ ಇಟ್ಟರೆ ಸಾಕು. ಉಳಿದವರು ನಡುಮನೆಯ ಒಳಗೋಡೆಯ ಅಲಮಾರಿ ನೋಡಿ, ನೆಲಕ್ಕೆ ತಾಗದ ಹಾಗೆ ಕೆಳಗಿನ ಖಾನೆಯಲ್ಲಿ ಇಡಿ. ಬೇಸಿಗೆಯಲ್ಲಿ ಕೂಲರ್ ಓಡುವ ಕೋಣೆ ಮಾತ್ರ ಬೇಡ. ಕೂಲರ್ ಗಾಳಿಯಲ್ಲಿ ನೀರಿರುತ್ತದೆ. ಕಾಗದ ಅದನ್ನು ಕುಡಿದು ಅಲೆಅಲೆಯಾಗುತ್ತದೆ, ಆಮೇಲೆ ಬೂಷ್ಟು ಹಿಡಿಯುತ್ತದೆ. ಬಿಸಿಲೂರಿನಲ್ಲಿ ಬೂಷ್ಟು ಎಲ್ಲಿಂದ ಬಂತು ಎಂದು ಜನ ತಲೆ ಕೆರೆದುಕೊಳ್ಳುತ್ತಾರೆ, ಬಂದದ್ದು ಕೂಲರಿನಿಂದ.

ಹೊದಿಕೆಗೆ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರು ಕೇಳಿ ತನ್ನಿ. ಅಂಚೆಚೀಟಿ, ಹಳೇ ನೋಟು ಕೂಡಿಡುವವರು ಬಳಸುವುದು ಅದೇ. ಹೊಸ ರೇನ್‌ಕೋಟಿನ ವಾಸನೆ ಬರುವ ಮೆತ್ತನೆ ಕವರು ಪಿವಿಸಿಯದ್ದು. ಶೆಕೆಗೆ ಅದು ಅಂಟಂಟಾಗಿ ಟಿಕೆಟ್ಟಿನ ಬಣ್ಣವನ್ನೇ ಎಳೆದುಕೊಳ್ಳುತ್ತದೆ. ಹಿಂದೆಲ್ಲ ಫೋಟೋಗೆ ಬಳಸುತ್ತಿದ್ದ ಅಂಟು ಹಾಳೆಯ ಆಲ್ಬಮ್ಮೂ ಬೇಡ. ಸೆಲ್ಲೋಟೇಪು ಹಳದಿಯಾಗಿ ಕಲೆ ಬಿಡುತ್ತದೆ, ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿಯುತ್ತದೆ, ರಬ್ಬರ್ ಬ್ಯಾಂಡು ಒಂದೆರಡು ಬೇಸಿಗೆಗೆ ಕರಗಿ ಕಾಗದಕ್ಕೇ ಮೆತ್ತಿಕೊಳ್ಳುತ್ತದೆ. ನ್ಯೂಸ್ ಪೇಪರಿನಲ್ಲಿ ಸುತ್ತಿದರೆ ಅದರ ಹಳದಿ ಇದಕ್ಕೂ ಹತ್ತುತ್ತದೆ. ಗುರುತು ಬರೆಯಬೇಕೆಂದರೆ ಹಿಂಬದಿಯಲ್ಲಿ ಪೆನ್ಸಿಲಿನಿಂದ ಹಗುರವಾಗಿ ಬರೆಯಿರಿ. ಯಾರು ಹೋದದ್ದು, ಯಾವ ವರ್ಷ, ಯಾರ ಜೊತೆ, ಇಷ್ಟು ಸಾಕು.

ಹುಳದ ಕಾಟಕ್ಕೆ ನುಸಿಗುಳಿಗೆ ಹಾಕುವವರು ಇದ್ದಾರೆ. ಅದು ಕೆಲವು ಪ್ಲಾಸ್ಟಿಕ್ ಬೊಂಬೆಗಳನ್ನು ಮೆತ್ತಗೆ ಮಾಡುತ್ತದೆ, ವಾಸನೆಯೂ ಬಿಡುವುದಿಲ್ಲ. ನೆರಳಲ್ಲಿ ಒಣಗಿಸಿದ ಬೇವಿನ ಎಲೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಪೆಟ್ಟಿಗೆಯ ಮೂಲೆಗಿಡಿ. ಎಲೆಯನ್ನು ಪುಟಗಳ ನಡುವೆ ಇಡಬೇಡಿ, ಕಲೆಯಾಗುತ್ತದೆ. ರದ್ದಿ ಅಂಗಡಿಯಿಂದ ತಂದ ಗೈಡ್ ಬುಕ್ಕಿನಲ್ಲಿ ಬೆಳ್ಳಿ ಬಣ್ಣದ ಹುಳ ಓಡಾಡುವುದು ಕಂಡರೆ ಒಂದು ಉಪಾಯ ಇದೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಹೊರಗೆ ಒತ್ತಿ, ಬಾಯಿ ಬಿಗಿದು ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಚೀಲವನ್ನು ತಕ್ಷಣ ಬಿಚ್ಚಬೇಡಿ, ಒಂದು ದಿನ ಹಾಗೇ ಬಿಡಿ. ಇಲ್ಲದಿದ್ದರೆ ಪುಸ್ತಕವೇ ಬೆವರುತ್ತದೆ. ಐಸ್‌ಕ್ರೀಮ್ ಡಬ್ಬಿಯ ಪಕ್ಕ ಪುಸ್ತಕ ಕಂಡು ಸೊಸೆ ನಗುತ್ತಾಳೆ. ನಗಲಿ ಬಿಡಿ.

ಈಗ ಸಾಮಾನುಗಳ ಮಾತು. ಗಾಜಿನ ಗೋಲದೊಳಗೆ ನೀರು ತುಂಬಿ, ಅಲ್ಲಾಡಿಸಿದರೆ ಹಿಮ ಬೀಳುವ ಬೊಂಬೆಯನ್ನು ವಿದೇಶದಿಂದ ಬಂದವರು ತಂದುಕೊಡುತ್ತಾರೆ. ಚಂದ ಕಾಣುತ್ತದೆ ಎಂದು ಕಿಟಕಿಯಲ್ಲಿ ಇಡಬೇಡಿ. ದುಂಡು ಗಾಜು, ಒಳಗೆ ನೀರು, ಎರಡೂ ಸೇರಿ ಬಿಸಿಲನ್ನು ಒಂದೇ ಕಡೆ ಕೂಡಿಸುತ್ತವೆ. ಪರದೆಗೆ ಬೆಂಕಿ ಹತ್ತಿದ ಉದಾಹರಣೆಗಳು ತಂಪು ದೇಶಗಳಲ್ಲೇ ಇವೆ, ನಮ್ಮ ಬಿಸಿಲಲ್ಲಿ ಕೇಳಬೇಕೇ? ಹಿತ್ತಾಳೆ ಕೀ ಚೈನು, ಬಿಲ್ಲೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ನಮ್ಮ ಹೆಣ್ಣುಮಕ್ಕಳ ಕೈ ಸುಮ್ನೆ ಇರುವುದಿಲ್ಲ, ದೇವರ ಸಾಮಾನಿನ ಜೊತೆ ಅದನ್ನೂ ಬೆಳಗಿ ಇಡುತ್ತಾರೆ. ಹಳೇ ಮಾಸಲು ಬಣ್ಣ ಹೋದರೆ ಕೂಡಿಡುವವರ ಕಣ್ಣಿಗೆ ಅದರ ಬೆಲೆಯೂ ಹೋಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹಿಂಬದಿಯಲ್ಲಿ ಕಪ್ಪು ಮ್ಯಾಗ್ನೆಟ್ ಪಟ್ಟಿ ಇರುವ ಹಳೇ ಪಾಸುಗಳನ್ನು ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ ಬೊಂಬೆಗಳ ಜೊತೆ ಒಂದೇ ಡಬ್ಬಿಗೆ ಹಾಕಬೇಡಿ. ಟೀ ಶರ್ಟಿಗೆ ಗಂಜಿ ಹಾಕಬೇಡಿ, ಹುಳಕ್ಕೆ ಅದೇ ಊಟ. ಚಿತ್ರ ಒಳಗೆ ಬರುವಂತೆ ತಿರುಗಿಸಿ ಒಗೆದು, ಹಳೇ ಹತ್ತಿ ಸೀರೆಯ ತುಂಡಿನ ಜೊತೆ ಸುರುಳಿ ಸುತ್ತಿ ಇಡಿ. ಮುಖ್ಯವಾಗಿ ಕೌದಿ ಹೊಲಿಯುವವರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ.

ಯಾವುದು ಹಳೆಯದು ಎಂದು ತಿಳಿಯಲು ಕೆಲವು ಗುರುತುಗಳಿವೆ. ವಿಳಾಸದಲ್ಲಿ ಆರು ಅಂಕಿಯ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ್ದೇ. ಟಿಕೆಟ್ಟಿನಲ್ಲಿ ಮನರಂಜನಾ ತೆರಿಗೆ ಬದಲು ಜಿಎಸ್‌ಟಿ ಅಂತ ಇದ್ದರೆ 2017ರ ಜುಲೈ ನಂತರದ್ದು, ಅದಕ್ಕೆ ಹಳೇ ಸಾಮಾನಿನ ದುಡ್ಡು ಕೊಡಬೇಡಿ. ಪಾರ್ಕಿನ ಹೆಸರೂ ಸಹಾಯಕ್ಕೆ ಬರುತ್ತದೆ. ಕೊಚ್ಚಿಯಲ್ಲಿ 2000ದಲ್ಲಿ ಶುರುವಾದ ವೀಗಾಲ್ಯಾಂಡ್ ಆಮೇಲೆ ವಂಡರ್‌ಲಾ ಆಯಿತು. ಬೆಂಗಳೂರಿನ ವಂಡರ್‌ಲಾ 2005ರದ್ದು. ಹಾಗಾಗಿ ವೀಗಾಲ್ಯಾಂಡ್ ಅಂತ ಅಚ್ಚಾದ ಟಿಕೆಟ್ಟು ಇನ್ನು ಹೊಸದಾಗಿ ಬರುವುದಿಲ್ಲ, ಸಿಕ್ಕರೆ ಬಿಡಬೇಡಿ. ದೆಹಲಿಯ ಅಪ್ಪು ಘರ್ ಕೂಡ ಹಾಗೇ. 1982ರ ಏಷ್ಯನ್ ಗೇಮ್ಸಿನ ಆನೆಮರಿ ಅಪ್ಪುವಿನ ಹೆಸರಲ್ಲಿ 1984ರಲ್ಲಿ ಶುರುವಾಗಿ 2008ರಲ್ಲಿ ಮುಚ್ಚಿತು. ಮುಚ್ಚಿದ ಪಾರ್ಕಿನ ಕಾಗದಕ್ಕೆ ಯಾವತ್ತೂ ಬೇಡಿಕೆ ಜಾಸ್ತಿ. ಮುಂಬೈಯ ಎಸ್ಸೆಲ್‌ವರ್ಲ್ಡ್ 1989ರದ್ದು. ಚೆನ್ನೈ ಹತ್ತಿರ 1995ರಲ್ಲಿ ಶುರುವಾದ ಪಾರ್ಕಿಗೆ ಕಿಷ್ಕಿಂತಾ ಅಂತ ಹೆಸರಿಟ್ಟರು. ಕಿಷ್ಕಿಂಧೆ ಇರುವುದು ನಮ್ಮ ಕೊಪ್ಪಳ ಜಿಲ್ಲೆಯ ಆನೆಗೊಂದಿ ಕಡೆ ಅಲ್ವಾ! ಅದರ ಟಿಕೆಟ್ಟು ಗಂಗಾವತಿಯವರ ಹತ್ತಿರ ಇರಬೇಕಾದದ್ದೇ.

ಅಮೆರಿಕದ ನೆಂಟರು ಹಳೇ ಡಿಸ್ನಿಲ್ಯಾಂಡ್ ಟಿಕೆಟ್ಟು ತಂದರೆ ಅಕ್ಷರ ನೋಡಿ. ಕ್ಯಾಲಿಫೋರ್ನಿಯಾದ ಈ ಪಾರ್ಕು 1955ರ ಜುಲೈಯಲ್ಲಿ ತೆರೆದಾಗ ದೊಡ್ಡವರಿಗೆ ಒಳಗೆ ಹೋಗಲು ಒಂದು ಡಾಲರ್. ಆಟಗಳಿಗೆ ಬೇರೆ ದುಡ್ಡು, ನಮ್ಮ ಜಾತ್ರೆಯಲ್ಲಿ ತೊಟ್ಟಿಲಿಗೆ ಬೇರೆ, ಕುದುರೆಗೆ ಬೇರೆ ಕೊಟ್ಟ ಹಾಗೆ. ಅದೇ ವರ್ಷ ಟಿಕೆಟ್ಟುಗಳ ಪುಸ್ತಕ ಮಾಡಿದರು. ಎ ಅಂದರೆ ಸಣ್ಣ ಆಟ, ಮೇಲೆ ಹೋದ ಹಾಗೆ ದೊಡ್ಡ ಆಟ. ಮೊದಲು ಸಿ ತನಕ ಇತ್ತು, 1956ಕ್ಕೆ ಡಿ ಬಂತು, 1959ಕ್ಕೆ ಇ ಬಂತು. 1982ರಲ್ಲಿ ಈ ಪದ್ಧತಿ ನಿಂತುಹೋಯಿತು. ಜನ ಇ ಟಿಕೆಟ್ಟನ್ನು ಮೊದಲೇ ಹರಿದು ಕೊಟ್ಟು, ಎ ಟಿಕೆಟ್ಟನ್ನು ಕಿಸೆಯಲ್ಲೇ ಮನೆಗೆ ತರುತ್ತಿದ್ದರು. ಅದಕ್ಕೇ ಇವತ್ತಿಗೂ ಬಳಸದ ಎ, ಬಿ ಟಿಕೆಟ್ಟುಗಳು ಸುಲಭವಾಗಿ ಸಿಗುತ್ತವೆ. ಬಳಸದ ಇ ಇದ್ದ ಪೂರ್ತಿ ಪುಸ್ತಕ ಸಿಕ್ಕರೆ ಒಂದು ಹಾಳೆಯನ್ನೂ ಬಿಡಿಸಬೇಡಿ. ಮಕ್ಕಳು ಹಂಚಿಕೊಳ್ಳುತ್ತೇವೆ ಅಂದರೂ ಕೊಡಬೇಡಿ.

ಎಲ್ಲಿ ಹುಡುಕುವುದು ಎಂದು ಕೇಳುತ್ತೀರಿ. ಫೋನಿನಲ್ಲಿ ಕಾಣುವ ಮಾರಾಟದವರಿಗಿಂತ ಮೊದಲು ನಿಮ್ಮ ಮನೆಯ ಹಳೇ ಟ್ರಂಕು, ಆಮೇಲೆ ನೆಂಟರ ಟ್ರಂಕು. ರಾಯಚೂರಿನವರಿಗೆ ಹೈದರಾಬಾದು ಹತ್ತಿರ, ಶಾಲೆಯ ಟೂರು ಎಂದರೆ ಆ ಕಡೆಗೇ. ರಾಮೋಜಿ ಫಿಲ್ಮ್ ಸಿಟಿಯ ನಕ್ಷೆಯೋ ಟಿಕೆಟ್ಟೋ ಎಷ್ಟೋ ಮನೆಗಳ ಹಳೇ ನೋಟ್‌ಬುಕ್ಕಿನಲ್ಲಿ ಮಡಚಿ ಕೂತಿರುತ್ತದೆ. ಭಾನುವಾರ ಅಬಿಡ್ಸ್ ಫುಟ್‌ಪಾತಿನ ಹಳೇ ಪುಸ್ತಕದ ಸಂತೆಗೆ ಬೆಳಗ್ಗೆ ಬೇಗ ಹೋಗಿ. ಊರಲ್ಲಾದರೆ ರದ್ದಿ ಅಂಗಡಿಯವರಿಗೆ ಹೇಳಿ ಇಡಿ, ಆದರೆ ಜಾಸ್ತಿ ಆಸೆ ತೋರಿಸಬೇಡಿ. ತೋರಿಸಿದರೆ ತೂಕದ ಲೆಕ್ಕ ಹೋಗಿ ತುಂಡಿನ ಲೆಕ್ಕ ಬರುತ್ತದೆ.