ಹಾರ್ಟ್ ಇರುವ ನಂಬರ್ ಪ್ಲೇಟ್: ಕ್ಯಾಲಿಫೋರ್ನಿಯಾದಲ್ಲಿ ತಗೊಳ್ಳೋದು ಹೇಗೆ

ಸಿಗ್ನಲ್‌ನಲ್ಲಿ ನಿಂತಿದ್ದಾಗ ಹಿಂದಿನ ಸೀಟಿನಿಂದ ಮಗ ಕೇಳಿದ, "ಅಪ್ಪಾ, ಆ ಕಾರಿನ ನಂಬರಲ್ಲಿ ಕೈ ಯಾಕಿದೆ?" ನೋಡಿದರೆ ನಿಜವಾಗಲೂ ಅಕ್ಷರಗಳ ಪಕ್ಕದಲ್ಲಿ ಪುಟ್ಟ ಮಗುವಿನ ಅಂಗೈ ಗುರುತು. ಇಷ್ಟು ವರ್ಷ ಇಲ್ಲೇ ಗಾಡಿ ಓಡಿಸಿದ್ದೇನೆ, ನನಗೂ ಗೊತ್ತಿರಲಿಲ್ಲ. ಮನೆಗೆ ಬಂದು ಹುಡುಕಿದೆ, ಆಮೇಲೆ ನಾನೂ ಒಂದು ತಗೊಂಡೆ. ತಗೊಳ್ಳುವಾಗ ಒಂದೆರಡು ಕಡೆ ಎಡವಿದೆ. ನೀವು ಎಡವಬೇಡಿ ಅಂತ ಇದನ್ನು ಬರೆಯುತ್ತಿದ್ದೇನೆ.

ಇದರ ಹೆಸರು ಕಿಡ್ಸ್ ಪ್ಲೇಟ್. 1992ರ ಕಾನೂನಿನಿಂದ ಬಂದದ್ದು. ಹಾರ್ಟ್, ನಕ್ಷತ್ರ, ಅಂಗೈ, ಕೂಡುವ ಗುರುತು, ಈ ನಾಲ್ಕರಲ್ಲಿ ಒಂದು ನಿಮ್ಮ ಪ್ಲೇಟಿನ ಮೇಲೆ ಬರುತ್ತದೆ. ಮಾಮೂಲಿ ರಿಜಿಸ್ಟ್ರೇಷನ್ ಫೀಸಿನ ಮೇಲೆ ನೀವು ಕೊಡುವ ಹೆಚ್ಚಿನ ದುಡ್ಡು, ಡಿಎಂವಿಯ (ನಮ್ಮ ಆರ್‌ಟಿಓ ಇದ್ದ ಹಾಗೆ, ಇಲ್ಲಿನ ಗಾಡಿ ನೋಂದಣಿ ಇಲಾಖೆ) ಖರ್ಚು ಕಳೆದು, ಮಕ್ಕಳ ಆರೋಗ್ಯ ಮತ್ತು ಸುರಕ್ಷತೆಗೆ ಅಂತಲೇ ಇಟ್ಟಿರುವ ರಾಜ್ಯದ ನಿಧಿಗೆ ಹೋಗುತ್ತದೆ.

ದುಡ್ಡು ಕೊಡುವ ಮುಂಚೆ ಅದು ಎಲ್ಲಿಗೆ ಹೋಗುತ್ತದೆ ಅಂತ ತಿಳಿದುಕೊಳ್ಳಿ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಮುಖ್ಯವಾದದ್ದು ಇದೇ, ಯಾಕೆಂದರೆ ಪ್ಲೇಟ್ ಚೆನ್ನಾಗಿದೆ ಅಂತ ತಗೊಂಡು ಆಮೇಲೆ "ಯಾವ ಟ್ರಸ್ಟಿಗೆ ಹೋಯಿತೋ" ಅನ್ನುವವರೇ ಜಾಸ್ತಿ. ಇದು ಯಾವುದೋ ಒಂದು ಟ್ರಸ್ಟಿಗೆ ಹೋಗುವ ದುಡ್ಡಲ್ಲ. ಸುಮಾರು ಅರ್ಧ ಭಾಗ ಡೇ ಕೇರ್‌ಗಳ ಲೈಸೆನ್ಸ್ ಮತ್ತು ತಪಾಸಣೆಗೆ. ಉಳಿದದ್ದು ಎರಡು ಕಡೆ ಹಂಚಿಕೆ: ಮಕ್ಕಳ ಮೇಲಿನ ದೌರ್ಜನ್ಯ ತಡೆಯುವ ಕೆಲಸಕ್ಕೆ ಒಂದು ಪಾಲು, ಅಪಘಾತದಲ್ಲಿ ಮಕ್ಕಳಿಗೆ ಪೆಟ್ಟಾಗದಂತೆ ನೋಡಿಕೊಳ್ಳುವ ಕೆಲಸಕ್ಕೆ ಇನ್ನೊಂದು. ಅಂದರೆ ಸೈಕಲ್ ಹೆಲ್ಮೆಟ್, ಕಾರ್ ಸೀಟ್, ಈಜುಕೊಳದಲ್ಲಿ ಮಗು ಮುಳುಗದ ಹಾಗೆ ಎಚ್ಚರ ಹೇಳುವುದು, ಇಂಥವು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿ ಎರಡು ವರ್ಷದ ಮಗುವನ್ನು ಡೇ ಕೇರ್‌ನಲ್ಲಿ ಬಿಡುವ ನಮ್ಮಂಥವರಿಗೆ ಆ ಮೊದಲ ಅರ್ಧ ಯಾಕೆ ಬೇಕು ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ನಮ್ಮ ಬೆಂಗಳೂರಲ್ಲೂ ಆರ್‌ಟಿಓ ಫ್ಯಾನ್ಸಿ ನಂಬರ್ ಹರಾಜು ಹಾಕುತ್ತದೆ. 0001, 9999 ಅಂತ ಜನ ಲಕ್ಷ ಲಕ್ಷ ಸುರಿಯುತ್ತಾರೆ. ಆದರೆ ಆ ದುಡ್ಡು ಸೀದಾ ಸರ್ಕಾರದ ಖಜಾನೆಗೆ.

ಈಗ ಖರ್ಚು. ಡಿಎಂವಿಯವರೇ ಸರಣಿಯಲ್ಲಿ ಕೊಡುವ ನಂಬರ್ ಸಾಕು ಅಂದರೆ ಮೊದಲ ಸಲ 50 ಡಾಲರ್, ಆಮೇಲೆ ವರ್ಷಕ್ಕೆ 40. ನಿಮಗೆ ಬೇಕಾದ ಅಕ್ಷರಗಳೇ ಬೇಕು ಅಂದರೆ ಮೊದಲು 103, ಆಮೇಲೆ ವರ್ಷಕ್ಕೆ 83. ಆರ್ಡರ್ ಹಾಕುವಾಗ ಪರದೆ ಮೇಲೆ ಬರುವ ಮೊತ್ತವನ್ನು ಒಮ್ಮೆ ನೋಡಿಕೊಂಡೇ ಕಾರ್ಡ್ ನಂಬರ್ ಹಾಕಿ. ಜನ ಮರೆಯುವುದು ಆ "ವರ್ಷಕ್ಕೆ" ಅನ್ನುವ ಪದವನ್ನು. ಒಂದು ಸಲ ಕೊಟ್ಟು ಕೈ ತೊಳೆದುಕೊಳ್ಳುವ ವ್ಯವಹಾರ ಅಲ್ಲ ಇದು, ಆ ಪ್ಲೇಟ್ ಇರುವವರೆಗೂ ಪ್ರತಿ ರಿನ್ಯೂವಲ್ ಬಿಲ್ಲಿನಲ್ಲಿ ಬರುತ್ತಲೇ ಇರುತ್ತದೆ. ಹತ್ತು ವರ್ಷಕ್ಕೆ ಹೆಸರಿನ ಪ್ಲೇಟು 850 ಡಾಲರ್ ಆಗುತ್ತದೆ, ಸರಣಿ ನಂಬರ್ 410. ಹೆಸರಿನ ಹುಚ್ಚು ಇಲ್ಲದಿದ್ದರೆ ಸರಣಿ ನಂಬರೇ ತಗೊಂಡು, ಉಳಿದದ್ದನ್ನು ನಿಮಗೆ ಇಷ್ಟವಾದ ಯಾವುದಾದರೂ ಮಕ್ಕಳ ಸಂಸ್ಥೆಗೆ ನೇರವಾಗಿ ಕೊಡಿ ಅಂತಲೇ ನಾನು ಹೇಳುವುದು. ನಾನು ಮಾತ್ರ ಹೆಸರಿನದೇ ತಗೊಂಡೆ. ಹುಚ್ಚು ಇತ್ತು.

ಹೆಸರು ಆರಿಸುವುದು ಅಂದುಕೊಂಡಷ್ಟು ಸುಲಭ ಅಲ್ಲ. ಕಾರಿಗೆ ಹೆಚ್ಚೆಂದರೆ ಏಳು ಜಾಗ, ಅದರಲ್ಲಿ ಒಂದನ್ನು ಹಾರ್ಟೋ ನಕ್ಷತ್ರವೋ ತಿನ್ನುತ್ತದೆ. ಡಿಎಂವಿ ವೆಬ್‌ಸೈಟಿನಲ್ಲಿ ಟೈಪ್ ಮಾಡುತ್ತಾ ಹೋದ ಹಾಗೆ ಪ್ಲೇಟ್ ಹೇಗೆ ಕಾಣುತ್ತದೆ, ಆ ಹೆಸರು ಖಾಲಿ ಇದೆಯಾ ಅಂತ ತೋರಿಸುತ್ತದೆ. ಆ ಪದದ ಅರ್ಥ ಏನು ಅಂತಲೂ ನೀವು ಬರೆದು ಕೊಡಬೇಕು. ಕನ್ನಡ ಪದ ಹಾಕುವವರು ಇಲ್ಲಿ ಸ್ವಲ್ಪ ನಿಧಾನ ಮಾಡಿ. ನಮ್ಮ ಮನೆಯವಳಿಗೆ "ದೋಸೆ" ಅಂತಲೇ ಆಗಬೇಕಿತ್ತು, ಪಕ್ಕದಲ್ಲಿ ಒಂದು ಹಾರ್ಟು. ಟೈಪ್ ಮಾಡಿದೆವು: ಡಿ, ಓ, ಎಸ್, ಇ. ಇಬ್ಬರೂ ಒಂದು ನಿಮಿಷ ಪರದೆ ನೋಡಿದೆವು. ಹಿಂದಿನ ಕಾರಿನವನು ಅದನ್ನು "ಡೋಸ್" ಅಂತ ಓದುತ್ತಾನೆ, ಯಾವ ಔಷಧದ್ದು ಅಂತ ದೇವರೇ ಬಲ್ಲ. ದೋಸೆ ಬಿಟ್ಟು ಕೊನೆಗೆ "ನಮ್ಮ" ಅಂತ ಹಾಕಿದೆವು. ಇಂಗ್ಲಿಷಿನಲ್ಲಿ ಐದಕ್ಷರ, ಕೊನೆಗೆ ಹಾರ್ಟು. ನಿಮ್ಮ ಪದವನ್ನೂ ಕನ್ನಡ ಬಾರದ ಗೆಳೆಯರೊಬ್ಬರ ಹತ್ತಿರ ಒಮ್ಮೆ ಜೋರಾಗಿ ಓದಿಸಿ ನೋಡಿ.

ಆರ್ಡರ್ ಮಾಡುವುದು ಹತ್ತು ನಿಮಿಷದ ಕೆಲಸ. ಗಾಡಿ ಕ್ಯಾಲಿಫೋರ್ನಿಯಾದಲ್ಲೇ ರಿಜಿಸ್ಟರ್ ಆಗಿರಬೇಕು. ಈಗಿನ ಪ್ಲೇಟ್ ನಂಬರ್, ವಿಐಎನ್ ನಂಬರಿನ (ನಮ್ಮ ಕಡೆ ಚಾಸಿಸ್ ನಂಬರ್ ಅನ್ನುತ್ತೇವಲ್ಲ, ಅದು) ಕೊನೆಯ ಅಂಕಿಗಳು, ಒಂದು ಕಾರ್ಡ್, ಇಷ್ಟು ಕೈಯಲ್ಲಿರಲಿ. ಆನ್‌ಲೈನ್ ಬೇಡ ಅನ್ನುವವರಿಗೆ ರೆಗ್ 17 ಅನ್ನುವ ಫಾರ್ಮ್ ಇದೆ, ತುಂಬಿ ಚೆಕ್ ಜೊತೆ ಕಳಿಸಬಹುದು. ಲೀಸ್ ಗಾಡಿ ಆದರೆ ಮೊದಲು ಲೀಸ್ ಕಂಪನಿಗೆ ಒಂದು ಫೋನ್ ಮಾಡಿ. ಆಮೇಲೆ ಕಾಯಿರಿ. ಈ ವಾರ ಹಾಕಿ ಮುಂದಿನ ವಾರ ಮಗನ ಬರ್ತ್‌ಡೇಗೆ ಬರಲಿ ಅಂದರೆ ಆಗುವುದಿಲ್ಲ.

ನನ್ನ ಪ್ಲೇಟ್ ಹತ್ತಿರದ ಡಿಎಂವಿ ಆಫೀಸಿಗೆ ಬಂತು. ಹೊಸದು ಕೊಡುವಾಗ ಹಳೆಯದನ್ನು ವಾಪಸ್ ಕೊಡಬೇಕು, ಮುಂದಿನದು ಹಿಂದಿನದು ಎರಡನ್ನೂ. ನಾನು ಖಾಲಿ ಕೈಯಲ್ಲಿ ಹೋಗಿದ್ದೆ. ಪಾರ್ಕಿಂಗ್ ಲಾಟಿನಲ್ಲಿ ಯಾರ ಹತ್ತಿರವೋ ಸ್ಕ್ರೂಡ್ರೈವರ್ ಬೇಡಿ ಬಿಚ್ಚಲು ಕೂತರೆ ಮುಂದಿನ ಎರಡು ಸ್ಕ್ರೂ ತುಕ್ಕು ಹಿಡಿದು ಅಲುಗಾಡುತ್ತಿಲ್ಲ. ಅಷ್ಟರಲ್ಲಿ ನನ್ನ ಟೋಕನ್ ನಂಬರ್ ದಾಟಿ ಹೋಯಿತು. ಹಾಗಾಗಿ ಹಿಂದಿನ ದಿನವೇ ಮನೆಯಲ್ಲಿ ಸ್ಕ್ರೂಗಳಿಗೆ ಒಂದೆರಡು ಹನಿ ಎಣ್ಣೆ ಬಿಟ್ಟು, ಒಮ್ಮೆ ಬಿಚ್ಚಿ ಸಡಿಲ ಮಾಡಿಟ್ಟುಕೊಂಡು, ಸ್ಕ್ರೂಡ್ರೈವರ್ ಜೊತೆಗೇ ತಗೊಂಡು ಹೋಗಿ. ಹೊಸ ರಿಜಿಸ್ಟ್ರೇಷನ್ ಸ್ಟಿಕ್ಕರ್‌ಗಳನ್ನು ಹಿಂದಿನ ಪ್ಲೇಟಿಗೆ ಅಂಟಿಸಬೇಕು, ತಿಂಗಳಿನದು ಎಡ ಮೂಲೆಗೆ, ವರ್ಷದ್ದು ಬಲ ಮೂಲೆಗೆ. ಡೀಲರ್ ಹಾಕಿರುವ ಪ್ಲಾಸ್ಟಿಕ್ ಫ್ರೇಮ್ ಅದನ್ನು ಮುಚ್ಚುತ್ತಿದ್ದರೆ ಫ್ರೇಮ್ ಕಿತ್ತು ಬಿಸಾಕಿ, ದಂಡ ಕಟ್ಟುವವರು ನೀವು, ಡೀಲರ್ ಅಲ್ಲ.

ಪ್ಲೇಟ್ ಹಾಕಿದ ದಿನವೇ ಮಾಡಬೇಕಾದ ಇನ್ನೊಂದು ಕೆಲಸ ಇದೆ, ನಾನು ಮರೆತದ್ದು ಅದನ್ನೇ. ನಿಮ್ಮ ಟೋಲ್ ಅಕೌಂಟಿಗೆ ಹೋಗಿ ಹೊಸ ನಂಬರ್ ಸೇರಿಸಿ. ನನ್ನ ಟೋಲ್ ಟ್ಯಾಗ್ ಡ್ಯಾಶ್‌ಬೋರ್ಡ್ ಖಾನೆಯೊಳಗೆ ಬಿದ್ದಿತ್ತು, ಸೇತುವೆ ಮೇಲೆ ಕ್ಯಾಮೆರಾ ಪ್ಲೇಟಿನ ಫೋಟೋ ತೆಗೆಯಿತು, ಆ ನಂಬರ್ ಯಾವ ಅಕೌಂಟಿನಲ್ಲೂ ಇಲ್ಲ. ಸ್ವಲ್ಪ ದಿನಕ್ಕೆ ಮನೆಗೆ ನೋಟಿಸ್ ಬಂತು. ಫೋಟೋದಲ್ಲಿ "ನಮ್ಮ", ಪಕ್ಕದಲ್ಲಿ ಹಾರ್ಟು, ಕೆಳಗೆ ಕಟ್ಟಬೇಕಾದ ಮೊತ್ತ! ಇನ್ಶೂರೆನ್ಸ್, ಅಪಾರ್ಟ್‌ಮೆಂಟ್ ಪಾರ್ಕಿಂಗ್, ಆಫೀಸ್ ಪಾರ್ಕಿಂಗ್ ಎಲ್ಲದರಲ್ಲೂ ಅದೇ ದಿನ ನಂಬರ್ ಬದಲಾಯಿಸಿಬಿಡಿ.

ಗಾಡಿ ಮಾರುವಾಗಲೂ ನೆನಪಿರಲಿ. ಇಲ್ಲಿ ಮಾಮೂಲಿ ಪ್ಲೇಟ್ ಗಾಡಿಯ ಜೊತೆ ಹೋಗುತ್ತದೆ, ಆದರೆ ಈ ವಿಶೇಷ ಪ್ಲೇಟ್ ನಿಮ್ಮದು. ಬಿಚ್ಚಿಕೊಂಡು, ಡಿಎಂವಿಗೆ ತಿಳಿಸಿ, ಮುಂದಿನ ಗಾಡಿಗೆ ಹಾಕಿಕೊಳ್ಳಬಹುದು. ಸುಮ್ನೆ ಕೊಂಡವರ ಕೈಗೆ ಬಿಟ್ಟುಬಿಟ್ಟರೆ ಅವರು ದಾಟುವ ಸೇತುವೆಯ ನೋಟಿಸೂ ನಿಮ್ಮ ಮನೆಗೇ ಬರಬಹುದು.

ಬೇರೆ ರಾಜ್ಯದಲ್ಲಿರುವವರಿಗೆ ಚುಟುಕಾಗಿ. ಟೆಕ್ಸಾಸ್‌ನಲ್ಲಿ 4-ಎಚ್ (ಮಕ್ಕಳ ಒಂದು ಸಂಘಟನೆ), ಗರ್ಲ್ ಸ್ಕೌಟ್ಸ್ ಹೆಸರಿನ ಪ್ಲೇಟುಗಳಿವೆ, ವರ್ಷದ 30 ಡಾಲರಿನಲ್ಲಿ 22 ಆ ಕೆಲಸಕ್ಕೇ ಹೋಗುತ್ತದೆ. ಫ್ಲೋರಿಡಾದ "ಇನ್ವೆಸ್ಟ್ ಇನ್ ಚಿಲ್ಡ್ರನ್" ನನಗೆ ತುಂಬಾ ಹಿಡಿಸಿದ್ದು, ಯಾಕೆಂದರೆ ಹದಿಹರೆಯದ ಹುಡುಗರು ದಾರಿ ತಪ್ಪದ ಹಾಗೆ ನೋಡಿಕೊಳ್ಳುವ ಕಾರ್ಯಕ್ರಮಗಳಿಗೆ ಹೋಗುವ ಆ ದುಡ್ಡು ಯಾವ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ) ಸೇರಿತೋ ಅಲ್ಲೇ ಖರ್ಚಾಗಬೇಕು. ವರ್ಜೀನಿಯಾದಲ್ಲೂ "ಕಿಡ್ಸ್ ಫಸ್ಟ್" ಅಂತ ಒಂದಿದೆ.

ನಮ್ಮ ಕನ್ನಡ ಕೂಟದ ಗೆಳೆಯರೊಬ್ಬರು ಇದನ್ನೆಲ್ಲ ಕೇಳಿ, ಭಾನುವಾರದ ಕನ್ನಡ ಕಲಿ ತರಗತಿಗೂ ಇಂಥದ್ದೊಂದು ಪ್ಲೇಟ್ ಮಾಡಿಸಿದರೆ ಹೇಗೆ ಅಂದರು. ಕ್ಯಾಲಿಫೋರ್ನಿಯಾದಲ್ಲಿ ಆಗದ ಮಾತು. ಹೊಸ ಪ್ಲೇಟಿಗೆ ರಾಜ್ಯ ಸರ್ಕಾರದ ಇಲಾಖೆಯೊಂದು ಮುಂದೆ ನಿಲ್ಲಬೇಕು, ಮೇಲೆ ದುಡ್ಡು ಕಟ್ಟಿದ 7,500 ಅರ್ಜಿ ಬೇಕು. ವರ್ಜೀನಿಯಾದಲ್ಲಿ 450 ಅರ್ಜಿ ಸಾಕು, ಜೊತೆಗೆ ಮಸೂದೆ ತರಲು ಒಬ್ಬ ಶಾಸಕರು. ಆದರೆ ಅಲ್ಲೂ ದುಡ್ಡು ಹಂಚಿಕೆಯ ಪ್ಲೇಟುಗಳಲ್ಲಿ ಮೊದಲ 1,000 ಮಾರಾಟವಾದ ಮೇಲೆಯೇ 25 ಡಾಲರಿನಲ್ಲಿ 15 ಸಂಸ್ಥೆಯ ಕೈಗೆ ಬರುವುದು. ಅಲ್ಲಿನ ಕನ್ನಡದವರು ದೀಪಾವಳಿ ಊಟದ ಸಾಲಿನಲ್ಲಿ ಎಷ್ಟು ಎಲೆ ಬೀಳುತ್ತದೆ ಅಂತ ಎಣಿಸಿ ಹೇಳಲಿ.