ಕದ್ದ ಅಡುಗೆ ಪುಟಗಳನ್ನು ಫೋಟೊ ದೂರಿನಿಂದ ತೆಗೆಸಿದೆ: ನನ್ನ ಅನುಭವ

"ಕನ್ನಡದಲ್ಲಿ ಬರೆದಿದ್ದನ್ನು ಕದ್ದರೆ ಯಾರು ಕೇಳ್ತಾರೆ, ಬಿಟ್ಬಿಡಿ ಮೇಡಂ" ಅಂದವರಿಗೆ ಈಗ ಲೆಕ್ಕ ತೋರಿಸಬಲ್ಲೆ. ಹೋದ ಮಳೆಗಾಲದಿಂದ ಈಚೆಗೆ ನನ್ನ ಕನ್ನಡ ಅಡುಗೆ ಸೈಟಿನಿಂದ ಕದ್ದು ಬೇರೆಯವರು ಹಾಕಿಕೊಂಡಿದ್ದ ಪುಟಗಳಲ್ಲಿ ಹತ್ತಿರ ಹತ್ತಿರ ಐವತ್ತನ್ನು ಇಂಟರ್ನೆಟ್ಟಿನಿಂದ ತೆಗೆಸಿದ್ದೇನೆ.

ಪತ್ರೊಡೆ, ಕಳಲೆ ಪಲ್ಯದ ಪುಟಗಳೇ ಹೆಚ್ಚು ಕಳುವಾಗುತ್ತಿದ್ದದ್ದು. ತಿಂಗಳಿಗೆ ಆರೇಳು ಸಾವಿರ ಬರುತ್ತಿದ್ದ ಜಾಹೀರಾತಿನ ದುಡ್ಡು ಎರಡು ಸಾವಿರಕ್ಕೆ ಇಳಿಯಿತು. ವಕೀಲರ ನೋಟಿಸಿಗೆ ಐದು ಸಾವಿರ ಕೊಟ್ಟೆ, ಉತ್ತರವೇ ಬರಲಿಲ್ಲ. ರೈಟ್ ಕ್ಲಿಕ್ ಬಂದ್ ಮಾಡಿದೆ, ಬೈದವರು ನನ್ನ ಓದುಗರೇ. ಫೋಟೊದ ಮೂಲೆಯಲ್ಲಿ ವಾಟರ್‌ಮಾರ್ಕ್ (ಗುರುತು) ಹಾಕಿದರೆ ಆ ಮೂಲೆಯನ್ನೇ ಕತ್ತರಿಸಿ ಹಾಕಿಕೊಂಡರು.

ಬರಹ ಕದ್ದಿದ್ದಾರೆ ಅಂತ ದೂರು ಕೊಟ್ಟಾಗ ಕಳ್ಳರ ಸೈಟಿಗೆ ಜಾಗ ಕೊಟ್ಟ ವಿದೇಶಿ ಹೋಸ್ಟಿಂಗ್ ಕಂಪನಿಯವರಿಂದ ಪ್ರಶ್ನೆ ಮೇಲೆ ಪ್ರಶ್ನೆ. ಕನ್ನಡ ಓದಲು ಬರದವರಿಗೆ ಎರಡು ಪುಟ ಒಂದೇ ಅಂತ ಹೇಗೆ ತೋರಿಸುವುದು? ಕಳ್ಳರು "ಹಾಕಿ" ಇದ್ದಲ್ಲಿ "ಸೇರಿಸಿ" ಅಂತ ತಿದ್ದಿರುತ್ತಾರೆ ಬೇರೆ. ಬರೀ ಸಾಮಗ್ರಿ ಪಟ್ಟಿಗಂತೂ ಕಾಪಿರೈಟ್ ರಕ್ಷಣೆ ಸಿಗುವುದಿಲ್ಲ. ಆದ್ದರಿಂದ ಬರಹವನ್ನು ಪಕ್ಕಕ್ಕಿಟ್ಟು, ಫೋಟೊ ಕದ್ದಿದ್ದಾರೆ ಅಂತ ದೂರು ಕೊಡತೊಡಗಿದೆ.

ಸೈಟಿಗೆ ಹಾಕುವುದು ಕತ್ತರಿಸಿದ ಫೋಟೊ. ಕ್ಯಾಮೆರಾದ ಮೂಲ ಫೈಲಿನಲ್ಲಿ ಸುತ್ತಲಿನ ಒಲೆ, ಕಟ್ಟೆ, ಇಡ್ಲಿ ಪಾತ್ರೆ ಎಲ್ಲ ಇರುತ್ತದೆ. ಆ ಅಗಲದ ಚಿತ್ರ ಕಳ್ಳರ ಹತ್ತಿರ ಇರಲು ಸಾಧ್ಯವೇ ಇಲ್ಲ. ದೂರಿಗೆ ಅದನ್ನೇ ಲಗತ್ತಿಸುತ್ತೇನೆ. ಅವರ ಪುಟದ ಲಿಂಕ್ ಜೊತೆ ಚಿತ್ರದ ಫೈಲಿನ ನೇರ ಲಿಂಕನ್ನೂ ಕೊಡಿ. ಪುಟ ಮಾತ್ರ ಕೊಟ್ಟರೆ ಅದೇ ಚಿತ್ರ ಬೇರೆ ಪುಟದಲ್ಲಿ ಏಳುತ್ತದೆ. ಮೊದಲ ದೂರಿಗೆ ಮೂರ್ನಾಲ್ಕು ದಿನದಲ್ಲಿ ಪುಟ ಹೋಯಿತು. ಅವತ್ತು ಮನೆಯವರಿಗೆಲ್ಲ ಪಾಯಸ ಮಾಡಿದೆ.

ದೂರು ಮೊದಲು ಹೋಸ್ಟಿಗೆ, ಆಮೇಲೆ ಗೂಗಲ್ ಹುಡುಕಾಟಕ್ಕೆ. ಸೈಟಿನ ಹಿಂದೆ ಯಾರಿದ್ದಾರೆ ಎಂದು ಹುಡುಕುವ ಹೂಈಸ್‌ನಲ್ಲಿ, ಹೋಸ್ಟಿನ ಮುಂದೆ ನಿಂತು ಅದನ್ನು ಮರೆಮಾಡುವ ಕ್ಲೌಡ್‌ಫ್ಲೇರ್ ಕಂಪನಿಯ ಹೆಸರು ಬಂದರೆ ನಿರಾಶರಾಗಬೇಡಿ, ಅವರ ದೂರಿನ ಫಾರ್ಮ್ ತುಂಬಿದರೆ ಹಿಂದಿರುವ ಹೋಸ್ಟಿಗೆ ಅದು ಮುಟ್ಟುತ್ತದೆ. ಅಮೆರಿಕದ ಹೋಸ್ಟಾದರೆ ಡಿಎಂಸಿಎ ಅನ್ನುವ ಅಲ್ಲಿನ 1998ರ ಕಾಪಿರೈಟ್ ಕಾಯ್ದೆಯಂತೆ ದೂರು ಕೊಟ್ಟರೆ ಸಾಕು. ತೆಗೆದದ್ದು ತಪ್ಪು ಅಂತ ಅದಕ್ಕೆ ಎದುರು ನೋಟಿಸ್ ಕೊಡಬೇಕಾದವರು ತಮ್ಮ ಹೆಸರು, ವಿಳಾಸ ಬರೆಯಬೇಕು. ನನ್ನ ಕಳ್ಳರಲ್ಲಿ ಒಬ್ಬರೂ ಬರೆಯಲಿಲ್ಲ. ನಮ್ಮ ದೇಶದ ಹೋಸ್ಟಾದರೆ 2013ರ ಕಾಪಿರೈಟ್ ನಿಯಮದಂತೆ 36 ಗಂಟೆಯೊಳಗೆ ತಡೆಯಬೇಕು, ಆದರೆ 21 ದಿನದಲ್ಲಿ ನಾವು ಕೋರ್ಟ್ ಆದೇಶ ತರದಿದ್ದರೆ ಅವರು ಮತ್ತೆ ತೆರೆಯಬಹುದು. ಮತ್ತೆ ತೆರೆದರೂ ಹುಡುಕಾಟದಲ್ಲಿ ಸಿಗದಿರಲಿ ಅಂತಲೇ ಗೂಗಲ್‌ಗೂ ದೂರು ಹಾಕುವುದು.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಕೆಲವು ಪದಗಳ ಒಳಗೆ ಝೀರೋ ವಿಡ್ತ್ ನಾನ್ ಜಾಯ್ನರ್ ಅನ್ನುವ, ಕಣ್ಣಿಗೆ ಕಾಣದ ಅಕ್ಷರ ಸಂಕೇತ ಸೇರಿಸಿದೆ. ಕಾಪಿ ಪೇಸ್ಟ್ ಮಾಡಿದರೆ ಸಾಮಾನ್ಯವಾಗಿ ಅದೂ ಜೊತೆಗೇ ಹೋಗುತ್ತದೆ. "ನಾವೇ ಬರೆದದ್ದು" ಎಂದು ವಾದಿಸಿದ ಒಬ್ಬರು ಇದನ್ನು ತೋರಿಸಿದ ಮೇಲೆ ಸುಮ್ಮನಾದರು. ಯಾವ ಪದಗಳಲ್ಲಿ ಇಟ್ಟಿದ್ದೇನೆ, ನಕಲು ಹುಡುಕಲು ಯಾವ ಸಾಲು ಬಳಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಕದಿಯುವವರೂ ಇದನ್ನು ಓದುತ್ತಾರೆ.

ನನ್ನ ಬರಹ ಓದಿ ಹೇಳುವ ಯೂಟ್ಯೂಬ್ ಚಾನೆಲ್‌ಗಳ ಮೇಲೂ ಫೋಟೊ ದೂರೇ ಕೆಲಸ ಮಾಡಿತು, ತೆರೆಯ ಮೇಲೆ ಓಡುವುದು ನನ್ನ ಚಿತ್ರಗಳೇ ತಾನೆ. 90 ದಿನದೊಳಗೆ ಮೂರು ಸ್ಟ್ರೈಕ್ (ಕಾಪಿರೈಟ್ ದೂರಿಗೆ ಯೂಟ್ಯೂಬ್ ಹಾಕುವ ಎಚ್ಚರಿಕೆ) ಬಿದ್ದರೆ ಚಾನೆಲ್ಲೇ ಹೋಗಬಹುದು ಅನ್ನುವುದು ಅವರಿಗೂ ಗೊತ್ತು. ಎರಡು ಸ್ಟ್ರೈಕಿಗೇ ಒಬ್ಬರು ಎಲ್ಲ ವಿಡಿಯೋ ತೆಗೆದರು. ಆದಾಯ ಈಗ ಐದು ಸಾವಿರದ ಆಸುಪಾಸಿಗೆ ಬಂದಿದೆ. ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುವ ಪಿಡಿಎಫ್ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ, ಅದರ ಬೆನ್ನು ಹತ್ತಿದ್ದೇನೆ.